ಬೀರುವಿನವರೆಗೆ ಹನ್ನೆರಡು ಅಡಿ

ಇಡೀ ಸಿನಿಮಾ ಒಂದೇ ಕೋಣೆಯಲ್ಲಿ ನಡೆಯುವ ಹೆದರಿಕೆಯ ಕಥೆ. ಸ್ಟುಡಿಯೋ ಸಿಗಲಿಲ್ಲವೆಂದು ಕ್ಯಾಮೆರಾಮನ್ ದೊಡ್ಡ ಮನಸ್ಸು ಮಾಡಿ ತನ್ನ ಮನೆಯ ಹಾಲನ್ನೇ ಬಿಟ್ಟುಕೊಟ್ಟಿದ್ದ. ಟ್ರಾಲಿಯ ಹಳಿ ಹಾಸಿದ ಮೇಲೆ ಅಲ್ಲಿ ಉಸಿರಾಡಲೂ ಸರದಿ ನಿಲ್ಲಬೇಕಿತ್ತು. "ಇಕ್ಕಟ್ಟಿದ್ದಷ್ಟೂ ಒಳ್ಳೇದು. ನೋಡೋರಿಗೆ ತಪ್ಪಿಸ್ಕೊಳ್ಳೋಕೆ ದಾರಿ ಇರಬಾರದು" ಎಂದು ಎಲ್ಲರಿಗೂ ಪಾಠ ಹೇಳಿದವನೂ ಅವನೇ. ಆ ಮಾತು ತನ್ನ ಕಾಲಿಗೇ ಸುತ್ತಿಕೊಳ್ಳುತ್ತದೆಂದು ಪಾಪ ಅವನಿಗೇನು ಗೊತ್ತು.

ಹಿಂದಿನ ವಾರ ಇಲ್ಲೇ ಅಭ್ಯಾಸ ಮಾಡುವಾಗ ಕ್ಯಾಮೆರಾ ಸ್ಟ್ಯಾಂಡಿನ ಕಾಲು ತಗುಲಿ ಹೆಂಡತಿಯ ನೀಲಿ ಗಾಜಿನ ಹೂಜಿ ಒಡೆದಿತ್ತು. ಅದು ತೀರಿಹೋದ ಅವಳ ಅಮ್ಮನದು. ಚೂರುಗಳನ್ನು ಹಳೇ ದುಪ್ಪಟಿಯಲ್ಲಿ ಸುತ್ತಿ ಬೀರುವಿನ ತಳಕ್ಕೆ ತುರುಕಿ, "ಇನ್ನೊಂದು ಸಿನಿಮಾದೋರು ಸೀನಿಗೆ ಬೇಕು ಅಂತ ತಗೊಂಡು ಹೋದ್ರು" ಎಂದಿದ್ದ. ಅವಳು "ಹೌದಾ" ಎಂದಿದ್ದಳು.

ಇವತ್ತಿನ ದೃಶ್ಯ ಕಿಟಕಿಯ ಹತ್ತಿರ ಆಗಬೇಕಿತ್ತು. ಬೆಳಿಗ್ಗೆ ನಿರ್ದೇಶಕನಿಗೆ ಜ್ಞಾನೋದಯವಾಯಿತು.

"ಕಿಟಕಿ ಬೇಡ, ಬೀರು. ಕ್ಯಾಮೆರಾ ಮೆಲ್ಲಗೆ ಅದರ ಹತ್ರ ಹೋಗ್ಲಿ. ನಾಯಕಿ ಬಾಗಿಲು ತೆಗೆದು ಒಳಗಿರೋದನ್ನೆಲ್ಲ ಎಳೆದು ಹಾಕ್ಲಿ. ಒಂದೇ ಶಾಟ್."

"ಕಿಟಕೀನೇ ಚೆನ್ನಾಗಿತ್ತಲ್ಲ ಸಾರ್," ಎಂದ ಕ್ಯಾಮೆರಾಮನ್.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನ ಪಾಡೂ ಅದೇ. ಹೆಂಡತಿ ಅಡುಗೆಮನೆಯ ಬಾಗಿಲಿಗೆ ಒರಗಿ ನೋಡುತ್ತಿದ್ದಳು. ಚೂರುಗಳ ಗಂಟನ್ನು ಸಾಗಿಸಲು ಸಂದೇ ಇರಲಿಲ್ಲ.

ಟ್ರಾಲಿ ಹೊರಟಿತು. ತಳ್ಳುವವನಿಗೆ ಅವನು ಕೈಸನ್ನೆ ಮಾಡಿದ: ನಿಧಾನ. ಇನ್ನೂ ನಿಧಾನ. ಬೀರು ತಲುಪದೇ ಹೋದರೆ ಸಾಕೆಂದು ಅವನು ಬೇಡಿಕೊಳ್ಳುತ್ತಿದ್ದ. ನಿರ್ದೇಶಕ ಖುಷಿಯಲ್ಲಿ ಉಗುರು ಕಚ್ಚುತ್ತಿದ್ದ. ಎರಡೂ ಪಕ್ಕದ ಗೋಡೆಗಳು ಚೌಕಟ್ಟಿನಿಂದ ಜಾರಿಹೋದವು. ಬೀರುವಿನ ಹಿಡಿಕೆ ಬೆಳೆದು ಬೆಳೆದು ಚೌಕಟ್ಟನ್ನೇ ತುಂಬಿತು. ಹನ್ನೆರಡು ಅಡಿಗೆ ಎರಡು ನಿಮಿಷ ಹಿಡಿಯಿತು.

ನಾಯಕಿ ಬಾಗಿಲು ತೆಗೆದಳು. ಸೀರೆ, ಕಂಬಳಿ, ದಿಂಬು ಎಲ್ಲ ನೆಲಕ್ಕೆ ಬಿದ್ದವು. ತಳದಲ್ಲಿ ಏನೂ ಇರಲಿಲ್ಲ.

"ಕಟ್. ಇಷ್ಟು ಭಯ ಹುಟ್ಟಿಸೋ ಶಾಟ್ ನಾನೆಲ್ಲೂ ನೋಡಿಲ್ಲಪ್ಪ," ಎಂದ ನಿರ್ದೇಶಕ.

ಆದರೆ ಕ್ಯಾಮೆರಾಮನ್‌ಗೆ ನಿಜವಾದ ಭಯ ಶುರುವಾದದ್ದು ಈಗ. ಚೂರುಗಳು ಎಲ್ಲಿ ಹೋದವು? ಅವನು ತಿರುಗಿ ನೋಡಿದ. ಲೆನ್ಸಿನಲ್ಲಿ ಸಾಸಿವೆ ಕಾಳನ್ನೂ ಹುಡುಕುವವನಿಗೆ, ಎರಡು ದಿನದಿಂದ ಕಣ್ಣೆದುರೇ ಓಡಾಡುತ್ತಿದ್ದ ಹೆಂಡತಿಯ ಬೆರಳಿನ ಬ್ಯಾಂಡೇಜು ಆಗ ಕಂಡಿತು.

"ಬೆರಳಿಗೇನಾಯ್ತು?"

"ಗಾಜು ಕೊಯ್ತು. ಅಂಟಿಸ್ತಾ ಇದ್ದೆ."

"ಒಡೆದಿದ್ದು ನಾನೇ ಕಣೇ."

"ಗೊತ್ತು. ಹೂಜಿ ಹಿಡಿ ಮಾತ್ರ ಸಿಗ್ತಾ ಇಲ್ಲ, ಎಲ್ಲಿಟ್ಟಿದೀರಾ?"

ಅವನು ಕ್ಯಾಮೆರಾ ಚೀಲದ ತಳದಿಂದ ಕರವಸ್ತ್ರದ ಗಂಟೊಂದನ್ನು ತೆಗೆದು ಅವಳ ಕೈಗಿಟ್ಟ. ಅಂಥದ್ದೇ ಹೂಜಿ ಸಿಗುತ್ತದೇನೋ ಎಂದು ಆ ಹಿಡಿಯನ್ನು ವಾರವಿಡೀ ಅಂಗಡಿ ಅಂಗಡಿಗೆ ತೋರಿಸಿಕೊಂಡು ಅಲೆದಿದ್ದ.

ಅವಳು ಹಿಡಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಕಣ್ಣು ಒದ್ದೆಯಾಗಿತ್ತು, ತುಟಿಯಲ್ಲಿ ನಗು.

"ನೀವಾಗೇ ಹೇಳ್ಲಿ ಅಂತ ಒಂದು ವಾರದಿಂದ ಕಾಯ್ತಾ ಇದ್ದೆ. ನಿಮ್ಮ ಟ್ರಾಲಿಗಿಂತ ನಿಧಾನ ಕಣ್ರೀ ನೀವು."