ಹೆಸರಿನ ನುಡಿ

ಝಳಕಿಯ ಹೆದ್ದಾರಿ ಬದಿಯ ಖಾನಾವಳಿಯಲ್ಲಿ ಯಲ್ಲವ್ವ ರೊಟ್ಟಿ ಬಡಿಯುತ್ತಿದ್ದಾಗ ಹೊರಗಿನ ಬೆಂಚಿನ ಕಡೆಯಿಂದ ಅವಳೇ ಕಟ್ಟಿ ಹಾಡಿದ ಪದ ಕೇಳಿಸಿತು. ದನಿ ಅವಳದಲ್ಲ. ಎಳೆಯ, ಇಂಪಾದ ದನಿ, ಹಿಂದೆ ಹಾರ್ಮೋನಿಯಂ ಬೇರೆ. ಆದರೆ ಪದ ಅವಳದೇ. ಅಂಗೈ ಹಿಟ್ಟಿನ ಮೇಲೆಯೇ ನಿಂತುಬಿಟ್ಟಿತು.

ತೊಯ್ದ ಜಡಿ ಹಿಂಡೀನಿ, ಸೆರಗೀಲೆ ಒರಸೀನಿ
ಇನ್ನ ಒಣಗಿಲ್ಲ ನನ ಕೂಸ, ಮಣ್ಣಾಗ
ಥಂಡಿ ಆದೀತ, ಮಲಗಬ್ಯಾಡ

ಹಂಚಿನ ಮೇಲಿನ ರೊಟ್ಟಿ ಸೀದು ಹೊಗೆಯೆದ್ದಿತು. ಅವಳು ಕೈ ಒರೆಸಿಕೊಳ್ಳದೆಯೇ ಹೊರಗೆ ಬಂದಳು. ಊಟಕ್ಕೆ ಕೂತಿದ್ದ ಲಾರಿ ಡ್ರೈವರ್ ಒಬ್ಬ ಮೊಬೈಲನ್ನು ನೀರಿನ ತಂಬಿಗೆಗೆ ಆನಿಸಿಟ್ಟುಕೊಂಡು ನಗುತ್ತ ನೋಡುತ್ತಿದ್ದ. ಅದರಲ್ಲಿ ಗುಂಡುಗುಂಡಗಿನ ಕೂಸೊಂದು ಪ್ಲಾಸ್ಟಿಕ್ ಟಬ್ಬಿನಲ್ಲಿ ಕೂತು ನೀರು ಬಡಿದು ಕೇಕೆ ಹಾಕುತ್ತಿತ್ತು. ಅದರ ತಾಯಿ ಟವೆಲಿನಿಂದ ತಲೆ ಒರೆಸುತ್ತಿದ್ದಳು.

“ನೋಡ್ರಿ ಅವ್ವಾರ, ಎಷ್ಟ ಚಂದ ಐತಿ ಹಾಡ,” ಎಂದ ಡ್ರೈವರ್. “ನನ್ನ ಹೇಣ್ತಿನೂ ನಮ್ಮ ಕೂಸಿಗಿ ಎರಿಯೂ ಮುಂದ ಇದನ್ನ ಹಚ್ಚಿ ರೀಲ್ಸ್ ಮಾಡ್ಯಾಳ್ರಿ. ಈಗ ಎಲ್ಲಾರ ಮನ್ಯಾಗೂ ಇದ ಐತಿ.”

ಯಲ್ಲವ್ವ ಒಳಗೆ ಹೋಗಿ ಸೀದ ರೊಟ್ಟಿ ತೆಗೆದಿಟ್ಟಳು. ಅದು ಕೂಸಿಗೆ ನೀರೆರೆಯುವ ಪದ ಅಲ್ಲ. ಅವಳು ಮಗಳ ಹೆಣದ ಮುಂದೆ ಕೂತು ಅತ್ತದ್ದು.

ಮಗಳು ಪಲ್ಲವಿಯನ್ನು ತಾಳಿಕೋಟೆ ಕಡೆಯ ಒಂದು ಹಳ್ಳಿಗೆ ಕೊಟ್ಟಿದ್ದಳು. ಒಂದು ದಿನ ನಸುಕಿನಲ್ಲಿ ನೀರಿಗೆ ಹೋದವಳು ಕಾಲು ಜಾರಿ ಬಾವಿಗೆ ಬಿದ್ದಳೆಂದು ಸುದ್ದಿ ಬಂತು. ಯಲ್ಲವ್ವ ಹೋಗಿ ಮುಟ್ಟುವಷ್ಟರಲ್ಲಿ ಅಂಗಳದಲ್ಲಿ ಮಲಗಿಸಿದ್ದರು, ಜಡೆಯಿಂದ ಇನ್ನೂ ನೀರು ಸೋರುತ್ತಿತ್ತು. ಆ ಸೀಮೆಯ ಹೆಂಗಸರು ಸತ್ತವರ ಮುಂದೆ ಬರಿದೇ ಅಳುವುದಿಲ್ಲ, ಹಾಡಾಡಿ ಅಳುತ್ತಾರೆ. ಯಲ್ಲವ್ವನೂ ಮಗಳ ತಲೆ ತೊಡೆಯ ಮೇಲಿಟ್ಟುಕೊಂಡು, ಜಡೆ ಹಿಂಡುತ್ತ, ಸೆರಗಿನಿಂದ ಒರೆಸುತ್ತ, ಬಾಯಿಗೆ ಬಂದದ್ದನ್ನು ಹಾಡಿದಳು. ಹಾಡುತ್ತಿದ್ದಂತೆ ತೆರೆದ ಬಾಗಿಲಿನಿಂದ ಅಡುಗೆಮನೆಯ ಮೂಲೆ ಕಣ್ಣಿಗೆ ಬಿತ್ತು. ಆಗ ಕೊನೆಯ ನುಡಿ ಹುಟ್ಟಿತು. ಅದನ್ನು ಕೇಳಿ ಅಂಗಳದಲ್ಲಿದ್ದವರೆಲ್ಲ ನೆಲ ನೋಡಿದರು.

ಕೊಡ ಮೂಲ್ಯಾಗೈತಿ, ಹಗ್ಗ ಗೂಟಕ್ಕೈತಿ
ನೀರೀಗಿ ಹೋದ್ಲು ಅಂತಾರ, ಪಲ್ಲವೀನ
ಬರಿಗೈಲಿ ಯಾರ ಕಳಿಸ್ಯಾರ

ಹಿರಿಯರು ಕೂತು ರಾಜಿ ಮಾಡಿದರು. ಪಲ್ಲವಿಗೆ ಆಗಷ್ಟೇ ಹೆಜ್ಜೆ ಇಡುತ್ತಿದ್ದ ಮಗಳೊಬ್ಬಳಿದ್ದಳು, ಗೌತಮಿ. ಕೂಸು ಅಪ್ಪ ಅನಿಲನ ಮನೆಯಲ್ಲೇ ಬೆಳೆಯಲಿ, ಅಜ್ಜಿ ತಿಂಗಳಿಗೊಮ್ಮೆ ತಾಳಿಕೋಟೆ ಸಂತೆಗೆ ಬಂದು ನೋಡಿಕೊಂಡು ಹೋಗಲಿ, ಬಾವಿಯ ಮಾತು ಮಾತ್ರ ಇನ್ನೆಲ್ಲೂ ಬರಬಾರದು. ಯಲ್ಲವ್ವ ಆ ಮಾತಿಗೆ ತಲೆಬಾಗಿದಳು. ಅಂದಿನಿಂದ ಝಳಕಿಯಿಂದ ಇಂಡಿ, ಇಂಡಿಯಿಂದ ಸಿಂದಗಿ, ಅಲ್ಲಿಂದ ತಾಳಿಕೋಟೆ ಎಂದು ಬಸ್ಸು ಬದಲಿಸುತ್ತ ಹೋಗಿ, ಬೀಗ ಮಾನಪ್ಪ ಕರೆತಂದ ಮೊಮ್ಮಗಳನ್ನು ಒಂದಿಷ್ಟು ಹೊತ್ತು ತೊಡೆಯ ಮೇಲೆ ಕೂರಿಸಿಕೊಂಡು ಬರುತ್ತಿದ್ದಳು. ಅನಿಲ ಬೇರೆ ಮದುವೆಯಾಗಿದ್ದ. ಕೂಸು ಹೊಸಬಳನ್ನೇ ಅವ್ವ ಎನ್ನುತ್ತಿತ್ತು. ಅದನ್ನೂ ನುಂಗಿಕೊಂಡಿದ್ದಳು.

ಆ ಡ್ರೈವರ್ ಬಂದಿದ್ದ ದಿನ ಸಂಜೆ ಮಗ ಭೀಮು ಟಂಟಂ ಗಾಡಿ ನಿಲ್ಲಿಸಿ ಬಂದಾಗ ಆ ಪದದ ಬಗ್ಗೆ ಕೇಳಿದಳು. ಅವನು ತನ್ನ ಮೊಬೈಲಿನಲ್ಲಿ ಹುಡುಕಿ ತೆಗೆದ. ರೇಷ್ಮೆ ಸೀರೆಯ ಹೆಣ್ಣುಮಗಳೊಬ್ಬಳು ಕಣ್ಣು ಮುಚ್ಚಿ ಹಾಡುತ್ತಿದ್ದಳು. ಯಲ್ಲವ್ವನಿಗೆ ಕೂಡಲೇ ಗುರುತು ಸಿಕ್ಕಿತು. ಸಿಂದಗಿಯ ಮಹಿಳಾ ಸಂಘಗಳ ಮೇಳದಲ್ಲಿ ರೊಟ್ಟಿಯಂಗಡಿ ಹಾಕಿದ್ದಾಗ ಬಂದವಳು, ಬಾಗೇವಾಡಿಯ ಮೃಣಾಲಿನಿ. ಹಿಟ್ಟು ನಾದುತ್ತ ಗುನುಗುತ್ತಿದ್ದುದನ್ನು ಕೇಳಿ, ಇನ್ನೊಮ್ಮೆ ಹಾಡ್ರಿ ಅಕ್ಕಾರ ಎಂದು ಮೊಬೈಲು ಹಿಡಿದಿದ್ದಳು. ಅವಳ ಬಾಯಲ್ಲಿ ಉಳಿದಿದ್ದ ಪದ ಅದೊಂದೇ. ಯಲ್ಲವ್ವ ಹಾಡಿದ್ದಳು, ಕೊನೆಯ ನುಡಿಯನ್ನು ಸಣ್ಣ ದನಿಯಲ್ಲಿ ಮುಗಿಸಿದ್ದಳು. ಯಾವ ಪದ, ಯಾಕೆ ಹುಟ್ಟಿತು ಎಂದು ಹೇಳಿರಲಿಲ್ಲ. ಹೇಳುವಂತಿರಲಿಲ್ಲ.

“ಕೆಳಗ ಏನ ಬರದಾಳಪಾ?”

“ತಾಯಂದಿರು ಕೂಸಿಗಿ ಎರಿಯೂ ಹಾಡು, ಸಾಹಿತ್ಯ ಜನಪದ ಅಂತ ಬರದಾಳ.”

“ಜನಪದ ಅಂದ್ರ ಯಾರ? ಯಾವೂರಾಕಿ?”

“ಯಾರೂ ಅಲ್ಲ ತಗಿಯವ್ವ. ಕಟ್ಟಿದಾಕಿ ಯಾರಂತ ಗೊತ್ತಿಲ್ಲಂದ್ರ ಹಂಗ ಬರೀತಾರ.”

“ಗೊತ್ತಿಲ್ಲೇನು? ನನ್ನ ಕೈಯಾನ ರೊಟ್ಟಿ ತಿಂದು, ಚಟ್ನಿ ಇನ್ನೀಟು ಹಾಕ್ರಿ ಅಂದಾಳ!”

ಭೀಮು ನಕ್ಕ. ಆಮೇಲೆ ಅವನ ಮುಖ ಗಂಟಾಯಿತು. “ಅಕ್ಕನ ಹೆಸರ ಎಲ್ಲಿ ಹೋತವ್ವಾ ಇದರಾಗ?”

ಆ ಮನೆಯಲ್ಲಿ ಪಲ್ಲವಿಯ ಹೆಸರನ್ನು ಬಾಯಿಬಿಟ್ಟು ಆಡಿ ಬಹಳ ಕಾಲವಾಗಿತ್ತು. ಯಲ್ಲವ್ವನ ಎದೆಯೊಳಗೆ ಏನೋ ಎದ್ದು ಕೂತಿತು. ಬೇರೇನೂ ಬೇಡ, ಮಗಳ ಹೆಸರೊಂದು ಆ ಪದದ ಜೊತೆಗಿರಲಿ ಎನಿಸಿತು. ಮಗನನ್ನು ಕರೆದುಕೊಂಡು ಬಸವನ ಬಾಗೇವಾಡಿಯ ಬಸ್ಸು ಹತ್ತಿದಳು.

ಮೃಣಾಲಿನಿ ಕೆಟ್ಟವಳಾಗಿರಲಿಲ್ಲ. ಬಾಗಿಲಲ್ಲೇ ಗುರುತು ಹಿಡಿದು, ಒಳಗೆ ಕರೆದು, ಕುರ್ಚಿ ಹಾಕಿದಳು. ಭೀಮು ನೇರವಾಗಿ ಕೇಳಿದ. “ನಮ್ಮವ್ವ ಕಟ್ಟಿದ ಪದ ನೀವು ಹಾಡೀರಿ. ಹಾಡ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಯಾರದಂತ ಹೇಳಾಕ ನಾಲಿಗಿ ಬರಲಿಲ್ಲೇನ್ರಿ?”

ಅವಳ ಕೆನ್ನೆ ಕೆಂಪಾಯಿತು. “ಅಯ್ಯ, ಇವರೇ ಕಟ್ಟಿದ್ದಂತ ನನಗ ಹೊಳೀಲೇ ಇಲ್ಲ. ಎಲ್ಲೋ ಹಿಂದಿನವ್ರಿಂದ ಬಂದದ್ದು ಅನ್ಕೊಂಡೆ.”

“ಕಡೀ ನುಡಿ ಯಾಕ ಬಿಟ್ಟೆವ್ವಾ?” ಎಂದಳು ಯಲ್ಲವ್ವ.

“ಬೀಸೂ ಪದ, ಎರಿಯೂ ಪದ ಯಾವುದಿದ್ರೂ ಕಡೀ ನುಡಿಯಾಗ ಹಾಡಿದಾಕೀ ಹೆಸರ ಇರ್ತದಲ್ರಿ ಅಕ್ಕಾರ. ಇನ್ನೊಬ್ಬಾಕಿ ಹಾಡುಮುಂದ ಅದನ್ನ ಬಿಟ್ಟು ತನ್ನದು ಹಾಕ್ಕೋತಾಳ. ನಮ್ಮಜ್ಜಿ ಹಂಗ ಕಲಿಸ್ಯಾರ. ಪಲ್ಲವಿ ಅಂತ ಕಿವಿಗೆ ಬಿತ್ತು. ಯಾರೋ ಹಾಡಿದಾಕಿ ಹೆಸರು ಅಂತ ಬಿಟ್ಟೆ. ಅದರಾಗ ಏನದ ಅಂತ ಕೇಳಿಸ್ಕೊಳ್ಳೇ ಇಲ್ಲ ನಾ.”

ಯಲ್ಲವ್ವ ಅಲ್ಲೇ ಕೂತು ಆ ನುಡಿಯನ್ನು ಹೇಳಿದಳು. ಹಾಡಲಿಲ್ಲ, ಮಾತಿನಂತೆ ಹೇಳಿದಳು. ಮೃಣಾಲಿನಿಯ ಕೈ ಬಾಯಿಗೆ ಹೋಯಿತು. ಒಳಕೋಣೆಯಲ್ಲಿ ಅವಳ ಎಳೆಗೂಸು ಎದ್ದು ಅತ್ತಿತು. ಅದನ್ನು ಎತ್ತಿಕೊಂಡು ಬಂದು ಎದೆಗವಚಿಕೊಂಡಳು. ತಾನೂ ಆ ಪದ ಹಾಡುತ್ತಲೇ ಅದಕ್ಕೆ ಎರೆದಿದ್ದಳು.

“ನೀವೇ ಹಾಡ್ರಿ ಅಕ್ಕಾರ, ಪೂರ್ತಿ. ನನ್ನದು ತಗದು ನಿಮ್ಮದು ಹಾಕ್ತೇನಿ. ಕಟ್ಟಿದಾಕಿ ಝಳಕಿ ಯಲ್ಲವ್ವ, ಮಗಳು ಪಲ್ಲವೀ ಮ್ಯಾಲಿನ ಪದ ಅಂತ ಬರೀತೇನಿ. ನಾ ತಪ್ಪು ಮಾಡೇನಿ ಅಂತನೂ ಬರೀತೇನಿ.”

ಯಲ್ಲವ್ವನಿಗೆ ಗೌತಮಿಯ ನೆನಪಾಗದೆ ಇರಲಿಲ್ಲ. ಕೊನೆಯ ನುಡಿ ಬೇಡವೇನೋ ಎಂದು ಮಗನ ಮುಖ ನೋಡಿದಳು. “ಹಾಡವ್ವಾ,” ಎಂದ ಭೀಮು. “ಆ ಮುದುಕ ಮಾನಪ್ಪ ಎಲ್ಲಿ ಮೊಬೈಲ್ ನೋಡ್ತಾನ?” ಅವಳು ಸೆರಗು ಹೊದ್ದು ಹಾಡಿದಳು. ಮಗಳ ಹೆಸರು ಬಂದಾಗ ದನಿ ಒಡೆಯಿತು, ಆದರೆ ನಿಲ್ಲಿಸಲಿಲ್ಲ. ಮನೆಗೆ ಮರಳುವಾಗ ಬಸ್ಸಿನ ಕಿಟಕಿಗೆ ತಲೆಯಾನಿಸಿ, ಎಷ್ಟೋ ಕಾಲದ ಮೇಲೆ, ನಿದ್ದೆ ಮಾಡಿದಳು.

ಪದ ಹಬ್ಬಿತು. ಕೂಸಿನ ಸ್ನಾನದ ರೀಲ್ಸ್ ಹಾಕಿದ್ದ ತಾಯಂದಿರು ಅವನ್ನು ತೆಗೆದು ಕ್ಷಮೆ ಕೇಳಿದರು. ಯಾರೋ ಪಲ್ಲವಿಯ ಮದುವೆಯ ಫೋಟೊ ಹುಡುಕಿ ತೆಗೆದರು. ಕೊಡ ಮೂಲ್ಯಾಗೈತಿ ಎಂಬ ಮಾತನ್ನು ಊರೂರಿನವರು ಬರೆದರು. ಯಾವ ಊರು, ಯಾವ ಬಾವಿ, ಅತ್ತೆ ಯಾರು, ಗಂಡ ಯಾರು ಎಂದು ಕೇಳಿದರು. ಖಾನಾವಳಿಗೆ ಬಂದವರು ಅಡುಗೆಮನೆಗೆ ಇಣುಕಿ, “ನೀವ ಏನ್ರಿ ಯಲ್ಲವ್ವ?” ಎಂದರು. ಅವಳು ಹೂಂ ಎನ್ನುತ್ತಿದ್ದಳು. ಒಳಗೊಳಗೇ ಒಂದು ಭಯ ಬೆಳೆಯುತ್ತಿತ್ತು.

ಸಂತೆಯ ದಿನ ತಾಳಿಕೋಟೆಯಲ್ಲಿ ಮಾನಪ್ಪ ಒಬ್ಬನೇ ನಿಂತಿದ್ದ. ಎಂದಿನ ಬಿಳಿ ಧೋತರ, ಎಂದಿನ ಮೆಲುದನಿ.

“ಬರ್ರಿ ಬೀಗರ. ನಿಮ್ಮ ಹೆಸರ ಭಾಳ ದೊಡ್ಡದಾತ. ಮುದ್ದೇಬಿಹಾಳದಾಗ ಚಾ ಕುಡ್ಯಾಕ ಕುಂತ್ರ ಅಲ್ಲೂ ನಿಮ್ಮದ ಪದ. ನನಗ ಕಾಣಂಗಿಲ್ಲಂತ ಪಕ್ಕದಾವ ಓದಿ ಹೇಳಿದ.”

“ಕೂಸ ಎಲ್ಲಿ ಅಣ್ಣಾರ?”

“ಮನ್ಯಾಗ ಐತಿ.”

“ಜಡ್ಡೇನ್ರಿ?”

“ಜಡ್ಡಿಲ್ಲ, ಜಾಪತ್ರಿಲ್ಲ. ಆಡಕೋಂತ ಐತಿ.” ಅವನು ಹೆಗಲ ಮೇಲಿನ ವಲ್ಲಿಯನ್ನು ಮಡಿಸಿ ಸರಿಪಡಿಸಿಕೊಂಡ. “ನೀವು ಮಾತ ಕೊಟ್ಟಿದ್ರಿ. ನಾನೂ ಕೊಟ್ಟಿದ್ದೆ. ನಾ ಒಂದ ತಿಂಗಳ ತಪ್ಪಿಸೇನೇನು? ಮಳಿ ಅನ್ಲಿಲ್ಲ, ಬಿಸಲ ಅನ್ಲಿಲ್ಲ, ಹೊತಗೊಂಡ ಬಂದೇನಿ. ಹೌದಿಲ್ಲೋ?”

“ಹೌದ್ರಿ.”

“ಮೊಬೈಲ್‌ನಾಗಿಂದ ಆ ಪದ ತಗಸ್ರಿ. ಅಷ್ಟ ಸಾಲಂಗಿಲ್ಲ. ಈ ಪದ ನಂದಲ್ಲ, ಮಂದೀದು, ಹಿಂದಿನಿಂದ ಬಂದದ್ದು, ನನ್ನ ಮಗಳದ್ದೂ ಅಲ್ಲ ಅಂತ ನಿಮ್ಮ ಬಾಯಿಲೆ ಹೇಳಿ ಹಾಕ್ರಿ. ಮುಂದಿನ ಸಂತಿಗಿ ಕೂಸಿನ್ನ ಕರಕೊಂಡ ಬರ್ತೇನಿ. ಇಲ್ಲಾ ಅಂದ್ರ ಅನಿಲ ಪುಣೆ ಕಡೆ ದುಡ್ಯಾಕ ಹೊಂಟಾನ. ಕೂಸೂ ಹೋಗ್ತೈತಿ. ಅಲ್ಲಿ ಎಲ್ಲಿ ಹುಡಕತೀರಿ?”

ಇಷ್ಟು ಹೇಳಿ, ಮೊಮ್ಮಗಳಿಗೆಂದು ಅವಳು ತಂದಿದ್ದ ಉಂಡಿಯ ಗಂಟನ್ನು ತಾನೇ ಕೈಚಾಚಿ ಇಸಿದುಕೊಂಡ. “ಇದನ್ನ ಕೊಡತೇನಿ,” ಎಂದ.

ಮನೆಗೆ ಬಂದು ಮೃಣಾಲಿನಿಗೆ ಫೋನ್ ಮಾಡಿದಾಗ ಅವಳು ಒಪ್ಪಲಿಲ್ಲ. “ಅಕ್ಕಾರ, ಈಗ ತಗದ್ರ ಎಲ್ಲಾ ಮುಗೀತು. ವಕೀಲರೊಬ್ಬರು ತಾವಾಗಿ ಕೇಳ್ಲಿಕ್ಕತ್ಯಾರ, ಈಗಾದ್ರೂ ಕೇಸು ಹಾಕಬಹುದಂತ. ಇದು ನಿಮ್ಮ ಹಾಡು, ನಿಮ್ಮ ಹೆಸರು. ನಾ ಒಮ್ಮೆ ಅಳಿಸೇನಿ. ಇನ್ನೊಮ್ಮೆ ನನ್ನ ಕೈಲೆ ಆಗಂಗಿಲ್ಲ.”

ಭೀಮು ಗೋಡೆಗೆ ಗುದ್ದಿದ. “ಹೆದರಸಾಕತ್ತಾನವ್ವಾ ಅಂವ. ನಾವೂ ಕೋರ್ಟಿಗಿ ಹೋಗೂಣು. ಕೂಸಿನ್ನೂ ತರೂಣು.”

“ಯಾವಾಗ ತರತಿ? ಕೋರ್ಟ್ ಹೂಂ ಅನ್ನೂದ್ರಾಗ ಕೂಸು ನನ್ನ ಮಾರಿ ಮರತಿರ್ತೈತಿ.”

“ಅಕ್ಕಗ ಯಾರ ಅದಾರ ಹಂಗಾರ? ಆಕಿ ಪರವಾಗಿ ಯಾರ ಮಾತಾಡಬೇಕು?”

ಯಲ್ಲವ್ವ ಮಗನನ್ನು ನೋಡಿದಳು. ಅವನು ಹೇಳುವುದರಲ್ಲಿ ತಪ್ಪಿರಲಿಲ್ಲ. ಸತ್ತವಳೂ ಅವಳ ಮಗಳೇ, ಆ ಮಗಳ ಮಗಳೂ ಅವಳದೇ. ಇಬ್ಬರನ್ನೂ ಹಿಡಿದುಕೊಳ್ಳಲು ಕೈ ಸಾಲಲಿಲ್ಲ. ಒಬ್ಬಳಿಗೆ ಇನ್ನು ಥಂಡಿಯಾಗುವುದಿಲ್ಲ, ಹಸಿವಾಗುವುದಿಲ್ಲ. ಇನ್ನೊಬ್ಬಳಿಗೆ ಆಗುತ್ತದೆ. ಫೋನನ್ನು ಮತ್ತೆ ಕಿವಿಗೆ ಹಿಡಿದಳು.

“ಮೃಣಾಲಿನಿ, ನಿನಗೂ ಕೂಸೈತಿ. ಹೆಚ್ಚಿಗಿ ಏನ್ ಹೇಳ್ಲಿ? ತಗಿಯವ್ವಾ.”

ಆ ಕಡೆಯಿಂದ ಅವಳು ಅಳುತ್ತಲೇ ಹೂಂ ಎಂದಳು.

ಮರುದಿನ ಭೀಮುವಿನ ಮೊಬೈಲಿನ ಮುಂದೆ ಕೂತು ಯಲ್ಲವ್ವ ಹೇಳಿದಳು: “ಈ ಪದ ನಾ ಕಟ್ಟಿದ್ದಲ್ಲ. ಹಿಂದಿನವ್ರು ಹಾಡಕೋಂತ ಬಂದದ್ದು. ನನ್ನ ಮಗಳಿಗೂ ಇದಕ್ಕೂ ಸಂಬಂಧಿಲ್ಲ. ಆಕಿ ಕಾಲ ಜಾರಿ ಬಿದ್ದ ಸತ್ತಾಳ.” ಭೀಮು ನಡುವೆಯೇ ರೆಕಾರ್ಡಿಂಗ್ ನಿಲ್ಲಿಸಿಬಿಟ್ಟಿದ್ದರಿಂದ ಎರಡನೆಯ ಸಲ ಹೇಳಬೇಕಾಯಿತು. ಎರಡನೆಯ ಸಲ ಅವಳ ದನಿ ಗಟ್ಟಿಯಾಗಿತ್ತು. ಅದರ ಕೆಳಗೆ ಮಂದಿ ಬರೆದದ್ದನ್ನು ಭೀಮು ತಾಯಿಗೆ ಓದಿ ಹೇಳಲಿಲ್ಲ. ಹೆಸರು ಮಾಡಲು ಸತ್ತ ಮಗಳನ್ನು ಮಾರಿಕೊಂಡವಳು ಎಂದು ಯಾರೋ ಬರೆದಿದ್ದರು. ಖಾನಾವಳಿಯಲ್ಲಿ ಅದನ್ನು ಅವಳ ಕಿವಿಗೆ ಬೀಳುವಂತೆಯೇ ಆಡಿಕೊಂಡರು. ಮೃಣಾಲಿನಿ ಹಾಡುವುದನ್ನೇ ಬಿಟ್ಟಳು. ಆದರೆ ಅವಳ ಮೊದಲಿನ ಹಾಡು ಬೇರೆ ಬೇರೆಯವರ ಬಳಿ ಉಳಿದಿತ್ತು. ಕೂಸುಗಳು ಮತ್ತೆ ಆ ಹಾಡಿಗೆ ನೀರು ಬಡಿದು ನಗತೊಡಗಿದವು, ಕೆಳಗೆ ಜನಪದ ಎಂದು ಬರೆದಿತ್ತು.

ಮಾನಪ್ಪ ಮಾತಿಗೆ ತಪ್ಪದ ಮನುಷ್ಯ. ಮುಂದಿನ ಸಂತೆಗೆ ಗೌತಮಿಯನ್ನು ಹೊತ್ತು ತಂದ. ಬಸ್ ನಿಲ್ದಾಣದ ಕಲ್ಲಿನ ಕಟ್ಟೆಯ ಮೇಲೆ ಯಲ್ಲವ್ವ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡಳು. ಅವನು ಅಲ್ಲೇ ಕೈಯಳತೆಯಲ್ಲಿ ನಿಂತು ಎಲೆಗೆ ಸುಣ್ಣ ಸವರುತ್ತಿದ್ದ. ಕೂಸು ತೂಕ ಬಂದಿತ್ತು. ಕಿವಿಯ ಹಿಂದೆ ಪಲ್ಲವಿಗಿದ್ದಂಥದೇ ಸಣ್ಣ ಸುಳಿ.

“ಅಜ್ಜಿ, ನೀ ಮೊಬೈಲ್‌ನಾಗ ಬಂದಿದ್ದಿ,” ಎಂದಿತು. “ಅಳಾಕತ್ತಿದ್ದಿ.”

“ಹೌದೇನು? ಹೊಗಿ ಕಣ್ಣಾಗ ಹೋಗಿತ್ತವ್ವಾ.”

“ಪಲ್ಲವಿ ಅಂದಿ. ಪಲ್ಲವಿ ಅಂದ್ರ ಯಾರ?”

ಸುಣ್ಣ ಸವರುತ್ತಿದ್ದ ಬೆರಳು ನಿಂತಿತು. ಯಲ್ಲವ್ವ ತಲೆಯೆತ್ತಿ ಅವನ ಕಡೆ ನೋಡಲಿಲ್ಲ. ಕೂಸಿನ ಅಂಗಿಯ ಬಿಚ್ಚಿಹೋಗಿದ್ದ ಗುಂಡಿಯನ್ನು ಹಾಕಿದಳು.

“ಯಾರೂ ಅಲ್ಲವ್ವಾ,” ಎಂದಳು. “ಪದದಾಗ ಬರ್ತೈತಿ, ಅಷ್ಟ.”