ಗುಡುಗಿಗೆ ಮೊದಲು ಹತ್ತು ಎಣಿಕೆ

ಹತ್ತು ಎಂದರೆ ಎಷ್ಟು? ಒಂದು, ಎರಡು ಎಂದು ಮನಸ್ಸಿನಲ್ಲೇ ಎಣಿಸುವಾಗ ಒಂದಕ್ಕೂ ಎರಡಕ್ಕೂ ನಡುವೆ ಎಷ್ಟು ಜಾಗ ಬಿಡಬೇಕು? ಮನೆಯಲ್ಲಿ ಗಡಿಯಾರ ನೋಡಿಕೊಂಡು ಎಣಿಸಿದಾಗ ಹತ್ತು ಸೆಕೆಂಡಿಗೆ ಸರಿಯಾಗಿ ಹತ್ತು ಬಂದಿತ್ತು. ಆದರೆ ಮನೆಯಲ್ಲಿ ಎದೆ ಹೀಗೆ ಹೊಡೆದುಕೊಳ್ಳುತ್ತಿರಲಿಲ್ಲ. ಎದೆ ಓಡಿದರೆ ಅದರ ಹಿಂದೆಯೇ ಎಣಿಕೆಯೂ ಓಡುತ್ತದೆ. ಆರು ಸೆಕೆಂಡಿಗೇ ಹತ್ತು ಮುಗಿದುಹೋದರೆ? ಓಡಬಾರದೆಂದು ಹಿಡಿದು ಹಿಡಿದು ಎಣಿಸಿ ಇಪ್ಪತ್ತಾಗಿಬಿಟ್ಟರೆ? ನಡುವೆ ಯಾರಾದರೂ ಕೆಮ್ಮಿದರೆ ಅದನ್ನೂ ಮೌನದ ಲೆಕ್ಕಕ್ಕೆ ಸೇರಿಸಬೇಕೇ, ಇಲ್ಲ ಮತ್ತೆ ಒಂದರಿಂದ ಶುರು ಮಾಡಬೇಕೇ?

ಟಿ. ನರಸೀಪುರದ ಒಂದು ಕಲ್ಯಾಣ ಮಂಟಪದ ವೇದಿಕೆಯ ಎಡ ಮೂಲೆಯಲ್ಲಿ, ತನಗಿಂತ ಎತ್ತರದ ತಗಡಿನ ಪಕ್ಕ ನಿಂತು ಅಮೃತೇಶ ಹೀಗೆ ಒದ್ದಾಡುತ್ತಿದ್ದ. ತಗಡನ್ನು ಪರದೆಯ ಕಂಬಿಗೆ ಹಗ್ಗ ಕಟ್ಟಿ ಇಳಿಬಿಟ್ಟಿದ್ದರು. ಕೆಳತುದಿ ಹಿಡಿದು ಅಲ್ಲಾಡಿಸಿದರೆ ಗುಡುಗು. ಕಪಿಲೆ ಋತುಗಾನ ಬಳಗದ ನಲವತ್ತೆರಡು ಜನರಲ್ಲಿ ಅವನ ಪಾಲಿಗೆ ಬಂದಿದ್ದ ವಾದ್ಯ ಅದೊಂದೇ.

ಬಳಗ ಕಟ್ಟಿದವರು ನಂಜನಗೂಡಿನ ಶಂಕರನಾರಾಯಣ ಮೇಷ್ಟ್ರು. ಸಂಸ್ಕೃತ ಪಾಠ ಹೇಳಿ ನಿವೃತ್ತರಾದ ಮೇಲೆ ಅವರಿಗೆ ಸುಮ್ಮನೆ ಕೂರಲು ಬರಲಿಲ್ಲ. ವರ್ಷಕ್ಕೆ ಆರು ಋತು, ಆರು ಕಛೇರಿ ಎಂದು ಗೊತ್ತು ಮಾಡಿದರು. ಪಿಟೀಲು, ವೀಣೆ, ಹಾರ್ಮೋನಿಯಂ ಊರಲ್ಲೇ ಸಿಕ್ಕಿದವು. ಹಾಡಲು ಹೆಮ್ಮಿಗೆಯ ಭಜನೆ ಹೆಂಗಸರು ಬಂದರು. ತುತ್ತೂರಿ, ಡ್ರಮ್ಮುಗಳಿಗೆ ಮದುವೆಯ ಬ್ಯಾಂಡ್‌ಸೆಟ್ಟಿನವರೇ ಗತಿ. ಅವರದೊಂದು ಕಷ್ಟವಿತ್ತು. ವಸಂತ ಋತುವಿನ ಕಛೇರಿಯಲ್ಲಿ ಕೋಗಿಲೆ ಕೂಗುವ ಹೊತ್ತಿಗೆ ಯಾರದೋ ಮದುವೆಯಿಂದ ಫೋನ್ ಬಂದು, ತುತ್ತೂರಿಯವರು ಸಾಲಾಗಿ ಎದ್ದು ನಡೆದುಬಿಟ್ಟಿದ್ದರು. ಗ್ರೀಷ್ಮದ ಕಛೇರಿಯಲ್ಲಿ ಸೆಕೆಯ ಹಾಡು ಹಾಡುತ್ತ ಹಾಡುತ್ತ ಇಬ್ಬರಿಗೆ ನಿಜವಾಗಿಯೇ ತಲೆ ಸುತ್ತು ಬಂದಿತ್ತು. ವರ್ಷ ಋತುವಿನದು ಮಾತ್ರ ಎಲ್ಲ ರೀತಿಯಲ್ಲೂ ಅನುಕೂಲ. ಪಂಚಾಂಗದ ವರ್ಷ ಋತು ಶ್ರಾವಣಕ್ಕೆ ಶುರುವಾದರೂ, ಮದುವೆಗಳಿಲ್ಲದ ಆಷಾಢಕ್ಕೇ ಅದನ್ನು ಇಟ್ಟುಕೊಂಡಿದ್ದರು. ಬ್ಯಾಂಡ್‌ಸೆಟ್ಟೂ ಖಾಲಿ, ಕಲ್ಯಾಣ ಮಂಟಪವೂ ಖಾಲಿ.

ಅಮೃತೇಶ ತತ್ತ್ವಶಾಸ್ತ್ರದಲ್ಲಿ ಎಂ.ಎ. ಮಾಡಿ, ಹುಲ್ಲಹಳ್ಳಿ ಕಡೆಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಾಗಿದ್ದ. ಒಂದು ಪ್ರಶ್ನೆ ಕೇಳಿ, ಉತ್ತರಕ್ಕಾಗಿ ಬೆಲ್ ಹೊಡೆಯುವವರೆಗೂ ಕಾಯುವ ಮೇಷ್ಟ್ರು ಎಂದು ಅವನಿಗೆ ಹೆಸರಿತ್ತು. ಹಾಡು, ವಾದ್ಯ ಯಾವುದೂ ಅವನಿಗೆ ಬರುತ್ತಿರಲಿಲ್ಲ. ಹಾಡು ನಿಂತ ಮೇಲೆ ಉಳಿಯುವುದು ಮಾತ್ರ ಇಷ್ಟ. ಮಳೆ ಬೀಳುವುದಕ್ಕೆ ಮುಂಚೆ ಊರೆಲ್ಲ ಒಂದು ಗಳಿಗೆ ಗಪ್ಪಾಗುತ್ತದಲ್ಲ, ಎಲೆ ಕೂಡ ಅಲ್ಲಾಡುವುದಿಲ್ಲವಲ್ಲ, ಅದನ್ನು ಕಛೇರಿಯಲ್ಲಿ ತರಬೇಕು ಎಂದು ಎರಡು ತಿಂಗಳು ಮೇಷ್ಟ್ರ ಬೆನ್ನು ಬಿದ್ದಿದ್ದ.

“ಹತ್ತು ಸೆಕೆಂಡ್ ಎಲ್ಲ ನಿಲ್ಸಿದ್ರೆ ಕರೆಂಟ್ ಹೋಯ್ತು ಅಂದ್ಕೋತಾರೆ ಕಣಯ್ಯಾ,” ಅಂದಿದ್ದರು ಮೇಷ್ಟ್ರು.

“ದೀಪ ಉರೀತಾ ಇರುತ್ತಲ್ಲ ಮೇಷ್ಟ್ರೇ.”

“ಹಾಗಾದ್ರೆ ನಾವು ಮರೆತುಹೋದ್ವಿ ಅಂದ್ಕೋತಾರೆ.”

ಕಡೆಗೆ ಒಪ್ಪಿದರು. ಒಪ್ಪಿದ ರೀತಿ ಮಾತ್ರ ಕಟ್ಟುನಿಟ್ಟಾಗಿತ್ತು. “ಈ ಒಂದು ಸಲ ಬಿಟ್ಟು ನೋಡ್ತೀನಿ. ಜನ ಸುಮ್ನೆ ಕೂತು ಕೇಳಿದ್ರೆ ಆರೂ ಋತುವಿಗೂ ನಿನ್ನ ಮೌನ ಇಡೋಣ. ಜನ ಗಲಾಟೆ ಎಬ್ಬಿಸಿದ್ರೋ, ಮೌನವೂ ಇಲ್ಲ, ತಗಡೂ ಇಲ್ಲ. ಗುಡುಗು ಚೆಲುವರಾಜೂಗೆ. ನೀನು ಬಾಗಿಲಲ್ಲಿ ನಿಂತು ಪನ್ನೀರು ಎರಚು.”

ಚೆಲುವರಾಜು ಬ್ಯಾಂಡ್‌ಸೆಟ್ಟಿನ ದೊಡ್ಡ ಡ್ರಮ್ಮಿನವನು. ಗುಡುಗೆಂದರೆ ತನ್ನ ಡ್ರಮ್ಮೇ, ತಗಡು ಕೊಟ್ಟಿಗೆ ಮೇಲೆ ಹಾಕುವುದಕ್ಕೆ, ಎಂದು ಅವನ ವಾದ. ಈಗಲೂ ಅಮೃತೇಶನ ಪಕ್ಕದಲ್ಲೇ ಕೂತು ಡ್ರಮ್ ಸವರುತ್ತ ಹಲ್ಲು ಬಿಡುತ್ತಿದ್ದ.

“ಏನ್ಲಾ ಅಮೃತು, ಬೆವರ್ತಾ ಇದ್ದೀಯ? ತಗಡು ತುಕ್ಕು ಹಿಡ್ದದು ಕಣ್ಲಾ.”

“ಸುಮ್ನಿರೋ.”

“ನಾ ಸುಮ್ನಿರ್ತೀನಿ. ಹತ್ತು ಎಣ್ಸೋಕೆ ಬತ್ತದಾ ನಿಂಗೆ? ಎಂಯೇಲಿ ಹೇಳ್ಕೊಟ್ಟಿದ್ರಾ?”

ಮಳೆಯ ಜವಾಬ್ದಾರಿ ಹೆಮ್ಮಿಗೆಯ ಹನ್ನೆರಡು ಹೆಂಗಸರದು. ಗುಡುಗು ಬಿದ್ದೊಡನೆ ಅವರು ಮೊರಗಳನ್ನು ಅಲ್ಲಾಡಿಸಬೇಕು. ಮೊರದೊಳಗಿನ ಸಣ್ಣ ಜಲ್ಲಿ ಸರಸರನೆ ಸದ್ದು ಮಾಡಬೇಕು. ಎಂಟು ಭಾನುವಾರ ಜಲ್ಲಿಯಲ್ಲೇ ಅಭ್ಯಾಸವಾಗಿತ್ತು. ಆದರೆ ಇವತ್ತು ಸಂಜೆ ಅವರ ಮುಂದಾಳು ಕೆಂಪಾಜಮ್ಮ ಆಟೋದಿಂದ ಒಂದು ಮೂಟೆ ಇಳಿಸಿ, ಮೊರ ಮೊರಕ್ಕೂ ರಾಗಿ ಸುರಿಯುತ್ತಿದ್ದದ್ದನ್ನು ನೋಡಿ ಅಮೃತೇಶ ಓಡಿಹೋದ.

“ಕೆಂಪಾಜಮ್ಮನೋರೇ, ಜಲ್ಲಿ ಎಲ್ಲಿ?”

“ಜಲ್ಲಿ ಉಯ್ದು ಉಯ್ದು ನಾಕು ಮೊರ ಕಿತ್ತೋದೋ ಕಣಪ್ಪಾ. ಮೊರಕ್ಕೆ ಕಲ್ಲು ಉಯ್ಯೋದು ಅಂದ್ರೆ ಏನು, ಅದು ಮರ್ವಾದೆನಾ? ಮನೇಲಿ ರಾಗಿ ಇತ್ತು, ತಂದಿವ್ನಿ.”

ಮೇಷ್ಟ್ರು ಒಂದು ಮೊರ ತೆಗೆದುಕೊಂಡು ಕಿವಿಯ ಹತ್ತಿರ ಅಲ್ಲಾಡಿಸಿದರು. ಅವರ ಮುಖ ಅರಳಿತು. “ಆಹಾ! ಜಲ್ಲಿ ಆಲಿಕಲ್ಲು ಆಗಿತ್ತು. ಇದು ನೋಡಿ, ಇದು ಸೋನೆ.” ಅಲ್ಲಿಗೆ ಮಾತು ಮುಗಿಯಿತು. ಜಲ್ಲಿ ಇದ್ದಾಗ ಮೊರ ಒಂದು ವಾದ್ಯ, ರಾಗಿ ಬಿದ್ದರೆ ಅದು ಮನೆಗೆಲಸ ಎಂಬುದು ನಲವತ್ತೆರಡು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಕಛೇರಿ ಶುರುವಾಯಿತು. ಮಂಟಪ ತುಂಬಿತ್ತು. ಪಿಟೀಲುಗಳು ಒಣ ಗಾಳಿ ಬೀಸಿದವು. ಎಂಟು ಜನ ಗಂಡಸರು ಕಪ್ಪೆಗಳಾಗಿ ವಟಗುಟ್ಟಿದರು. ಒಬ್ಬ ಕಪ್ಪೆಗೆ ಹುಮ್ಮಸ್ಸು ಹೆಚ್ಚಾಗಿ ಪಕ್ಕದವನ ಪಾಲಿನದನ್ನೂ ವಟಗುಟ್ಟಿದ. ಹೆಂಗಸರು ಮೋಡವನ್ನು ಬಾ ಬಾ ಎಂದು ಕರೆದರು. ತುತ್ತೂರಿಗಳು ಏರುತ್ತ ಏರುತ್ತ ಹೋದವು. ತಾಳ ತೋರಿಸುತ್ತಿದ್ದ ಮೇಷ್ಟ್ರ ಕೋಲು ಮೇಲೆದ್ದು ಅಲ್ಲೇ ನಿಂತಿತು. ಎಲ್ಲವೂ ನಿಂತಿತು.

ಒಂದು.

ಯಾರೂ ಕೆಮ್ಮಲಿಲ್ಲ. ಎರಡು. ಫ್ಯಾನ್ ತಿರುಗುವ ಸದ್ದು ಕೂಡ ಎಲ್ಲಿಗೋ ಹೋದಂತಾಯಿತು. ಮೂರು. ಅಮೃತೇಶನಿಗೆ ಮೈ ಜುಮ್ಮೆಂದಿತು. ತಾನು ಕೇಳಿದ್ದು ಇದನ್ನೇ. ನಾನೂರು ಜನ ಕೂತಲ್ಲೇ ಆಕಾಶ ನೋಡುತ್ತಿರುವ ಹಾಗಿದೆ. ನಾಲ್ಕು.

ಕೆಂಪಾಜಮ್ಮ ತೊಡೆಯ ಮೇಲಿನ ಮೊರ ನೋಡಿದರು. ನೋಡಿದ ಮೇಲೆ ಅವರ ಕೈ ಅವರ ಮಾತು ಕೇಳಲಿಲ್ಲ. ಹೆಬ್ಬೆರಳು, ತೋರುಬೆರಳು ಕೂಡಿ ರಾಗಿಯೊಳಗಿಂದ ಒಂದು ಕಲ್ಲನ್ನು ಹೆಕ್ಕಿದವು. ಅದನ್ನು ಪಕ್ಕಕ್ಕೆ ಎಸೆದರು. ಟಕ್. ಆ ಮೌನದಲ್ಲಿ ಕಲ್ಲು ಬಿದ್ದದ್ದು ಕಡೆಯ ಸಾಲಿನವರೆಗೂ ಕೇಳಿಸಿತು.

ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಅಜ್ಜಿ ಕತ್ತು ಚಾಚಿ ನೋಡಿ, ತಡೆಯಲಾರದೆ ಹೇಳಿಬಿಟ್ಟಳು: “ಇನ್ನೊಂದದೆ ನೋಡವ್ವಾ, ಆ ಮೂಲೇಲಿ.”

“ಊ ಕಣವ್ವಾ, ಕಂಡೆ,” ಅಂದರು ಕೆಂಪಾಜಮ್ಮ ವೇದಿಕೆಯಿಂದಲೇ. ಟಕ್.

ಐದೋ ಆರೋ? ಅಮೃತೇಶನ ಎಣಿಕೆ ತಪ್ಪಿತು. ಮೌನ ಕೆಟ್ಟಿತಲ್ಲ, ಮತ್ತೆ ಒಂದರಿಂದ ಶುರು ಮಾಡಿದ. ಅಷ್ಟರಲ್ಲಿ ಕೆಂಪಾಜಮ್ಮನ ಪಕ್ಕದವಳೂ ಮೊರ ನೋಡಿದಳು, ಅವಳ ಪಕ್ಕದವಳೂ ನೋಡಿದಳು. ಕಲ್ಲಷ್ಟೇ ಅಲ್ಲ, ಹೊಟ್ಟೂ ಇತ್ತು. ಒಬ್ಬರು ಮೊರ ಎತ್ತಿ ಕೇರಿದರು. ಇನ್ನೊಬ್ಬರು ಕೇರಿದರು. ನೋಡುನೋಡುತ್ತ ಹನ್ನೆರಡೂ ಮೊರಗಳು ಒಂದೇ ಲಯದಲ್ಲಿ ಏಳುತ್ತ ಬೀಳುತ್ತ ಸುಯ್ ಸುಯ್ ಎನ್ನತೊಡಗಿದವು. ಎಂಟು ಭಾನುವಾರ ಮೇಷ್ಟ್ರು ಎಷ್ಟು ಬಡಿದುಕೊಂಡರೂ ಬಾರದಿದ್ದ ಲಯ ಅದು.

ಮೇಷ್ಟ್ರ ಕೋಲು ಮೇಲೆಯೇ ಇತ್ತು. ಗುಡುಗು ಬೀಳದೆ ಅದನ್ನು ಇಳಿಸುವ ಹಾಗಿರಲಿಲ್ಲ. ಅವರ ಕಣ್ಣು ಅಮೃತೇಶನ ಮೇಲಿತ್ತು.

“ಗುಡುಗ್ಲಾ!” ಅಂತ ಚೆಲುವರಾಜು ಪಿಸುಗುಟ್ಟಿದ. “ಲೇ, ಗುಡುಗೋ! ರಾಗಿ ಹಸ ಮಾಡಿ ಬೀಸಿ ಮುದ್ದೆ ಕಟ್ಟೋಗಂಟ ನಿಂತ್ಕತೀಯಾ?”

ಹಿಡಿದು ಹಿಡಿದು ಎಣಿಸುತ್ತ ಅಮೃತೇಶ ಇನ್ನೂ ಮೂರರಲ್ಲಿದ್ದ. ಈಗ ಗುಡುಗಿದರೆ ಅದು ಸೋಲು ಒಪ್ಪಿದಂತೆ. ಹತ್ತಾಗಲೇಬೇಕು. ಅವನ ಕಣ್ಣ ಮುಂದೆ ಪನ್ನೀರುದಾನಿ ತೇಲಿಹೋಯಿತು. ನಾಲ್ಕು. ಜನ ನಗುತ್ತಾರೆ ಎಂದು ಕಾದ. ಆದರೆ ಯಾರೂ ನಗಲಿಲ್ಲ. ಅಜ್ಜಿಯೂ ಸುಮ್ಮನಾಗಿದ್ದಳು. ಜನ ಇದನ್ನೇ ಕಛೇರಿ ಎಂದುಕೊಂಡು ಕಣ್ಣರಳಿಸಿ ನೋಡುತ್ತಿದ್ದರು. ಐದು. ವೇದಿಕೆಯ ದೊಡ್ಡ ದೀಪದ ಬೆಳಕಿನಲ್ಲಿ ರಾಗಿಯ ದೂಳು ಬಂಗಾರದ ಬಣ್ಣ ತಾಳಿ ಮೇಲೇಳುತ್ತಿತ್ತು. ಆರು. ಫ್ಯಾನಿನ ಗಾಳಿಗೆ ಅದು ಎಡಕ್ಕೆ ತಿರುಗಿತು. ಎಡ ಮೂಲೆಯಲ್ಲಿ ಅಮೃತೇಶನ ಮೂಗಿತ್ತು.

ಏಳು, ಎಂದುಕೊಳ್ಳುವಷ್ಟರಲ್ಲಿ ಮೂಗಿನ ಬುಡದಲ್ಲಿ ಏನೋ ಹರಿದಂತಾಯಿತು. ಉಸಿರು ಬಿಗಿಹಿಡಿದ. ಎಂಟು. ಕಣ್ಣಲ್ಲಿ ನೀರು ತುಂಬಿತು. ಮುಂದಿನ ಸಾಲಿನವರಿಗೆ ಅದು ಭಾವಪರವಶತೆಯಂತೆ ಕಂಡಿತು. ಒಂಬತ್ತು ಬರಲೇ ಇಲ್ಲ. ಅಮೃತೇಶ ಕಟ್ಟಿಕೊಂಡದ್ದೆಲ್ಲ ಒಡೆದುಹೋಗುವಂತೆ ಸೀನಿದ. ಸೀನಿದ ರಭಸಕ್ಕೆ ಅವನ ಹಣೆ ಹೋಗಿ ತಗಡಿನ ನಟ್ಟನಡುವೆ ಬಡಿಯಿತು.

ಅಂಥ ಗುಡುಗು ಯಾವ ಅಭ್ಯಾಸದಲ್ಲೂ ಬಂದಿರಲಿಲ್ಲ. ತಗಡು ಬಡಿದ ಸದ್ದಿನಲ್ಲಿ ಸೀನು ಮುಚ್ಚಿಹೋಯಿತು. ಹಗ್ಗದ ಒಂದು ಗಂಟು ಬಿಚ್ಚಿ, ತಗಡು ವಾಲಿ ಚೆಲುವರಾಜುವಿನ ಡ್ರಮ್ಮಿನ ಮೇಲೆ ಇನ್ನೊಂದು ಸಲ ಗುಡುಗಿತು. ಬೆಚ್ಚಿದ ಕಪ್ಪೆಗಳು ಹೇಳದೆ ಕೇಳದೆ ವಟಗುಟ್ಟಿದವು. ಬೆಚ್ಚಿದ ಹೆಂಗಸರ ಕೈಯಿಂದ ಹನ್ನೆರಡು ಮೊರದ ರಾಗಿ ಒಟ್ಟಿಗೆ ಮೇಲಕ್ಕೆ ಹಾರಿತು. ಹಾರಿದ್ದು ಮುಂದಿನ ಮೂರು ಸಾಲುಗಳ ಮೇಲೆ ಸುರಿಯಿತು.

ಜನ ಎದ್ದು ನಿಂತರು. ಗಲಾಟೆ ಎಂದುಕೊಂಡು ಅಮೃತೇಶ ಹಣೆ ಹಿಡಿದುಕೊಂಡ. ಅದು ಚಪ್ಪಾಳೆ. ತಲೆಯ ಮೇಲಿನ ರಾಗಿ ಕೊಡವಿಕೊಳ್ಳದೆಯೇ ಚಪ್ಪಾಳೆ ಹೊಡೆಯುತ್ತಿದ್ದರು. ಅಜ್ಜಿ ಸೆರಗೊಡ್ಡಿ ಕೂತಿದ್ದಳು.

“ಒಂದೇ ಒಂದು ಕಾಳು ಬುಡಂಗಿಲ್ಲ, ಎಲ್ಲಾ ಗುಡ್ಸಿ ಕೊಡಿ!” ಎಂದು ಕೆಂಪಾಜಮ್ಮ ಮೈಕಿನಲ್ಲೇ ಕೂಗಿದರು. ಅದಕ್ಕೂ ಚಪ್ಪಾಳೆ ಬಿತ್ತು. ಕಛೇರಿ ಮುಗಿದ ಮೇಲೆ ನರಸೀಪುರದ ಹೆಂಗಸರು ಪೊರಕೆ ಹಿಡಿದು ಮಂಟಪ ಗುಡಿಸಿಕೊಟ್ಟರು. ರಾಗಿ ಮೂಟೆಗೆ ವಾಪಸು ಬಂತು, ಎರಡು ಓಲೆಯ ತಿರುಪು, ಒಂದು ಶರ್ಟಿನ ಗುಂಡಿ ಸಮೇತ.

ನಂಜನಗೂಡಿಗೆ ಹಿಂದಿರುಗುವ ಮಿನಿಬಸ್ಸಿನಲ್ಲಿ ಮೇಷ್ಟ್ರು ಅಮೃತೇಶನನ್ನು ಪಕ್ಕದಲ್ಲೇ ಕೂರಿಸಿಕೊಂಡರು. ಅವನ ಹಣೆ ನೆಲ್ಲಿಕಾಯಷ್ಟು ಊದಿತ್ತು.

“ಏನು ಧೈರ್ಯ ಕಣಯ್ಯಾ ನಿಂದು! ನಾನಾಗಿದ್ರೆ ಮೊದಲ್ನೇ ಕಲ್ಲಿಗೇ ಗುಡುಗಿಬಿಡ್ತಿದ್ದೆ. ನೀನು ಕಾದೆ. ಆ ಹೆಂಗಸರ ಕೇರೋ ಲಯ ಪೂರ್ತಿ ಕೂಡ್ಲಿ ಅಂತ ಕಾದೆ. ಆಮೇಲೆ ಕೈಯಲ್ಲಲ್ಲ, ತಲೆಯಲ್ಲಿ! ಶಾಸ್ತ್ರದಲ್ಲೆಲ್ಲೂ ಇಲ್ಲ ಅದು.”

“ನಂಗೊಂದ್ ಮಾತು ಹೇಳಿದ್ರೆ ಡ್ರಮ್ಮಾದ್ರೂ ಪಕ್ಕಕ್ಕೆ ಇಡ್ತಿದ್ದೆ,” ಎಂದ ಹಿಂದಿನ ಸೀಟಿನಿಂದ ಚೆಲುವರಾಜು. ಅವನ ಮಾತಿನಲ್ಲಿ ಮೊದಲ ಸಲ ಸ್ವಲ್ಪ ಮರ್ಯಾದೆ ಇತ್ತು. “ಆದ್ರೂ ಜಬರ್ದಸ್ತು ಕಣ್ಲಾ.”

“ಶರದೃತುವಿಗೆ ಒಂದು ನಿಮಿಷ ಮೌನ,” ಎಂದು ಮೇಷ್ಟ್ರು ಘೋಷಿಸಿದರು. “ಆರೂ ಋತುವಿಗೆ. ತಗಡು ನಿಂದೇ. ಅದಿರಲಿ, ಸರಿಯಾಗಿ ಆ ಕ್ಷಣವೇ ಅಂತ ನಿನಗೆ ಹೇಗೆ ಗೊತ್ತಾಯ್ತು?”

ಇಡೀ ಬಸ್ಸು ಕಿವಿಗೊಟ್ಟಿತು. ಅಮೃತೇಶ ಕಿಟಕಿಯ ಹೊರಗೆ, ನಾಲೆಯಾಚೆಯ ಗದ್ದೆಗಳ ಕಡೆ ನೋಡಿದ. ಉತ್ತರಕ್ಕೆ ಬಾಯಿ ತೆರೆದ. ಮತ್ತೆ ಮುಚ್ಚಿದ. ಮೇಷ್ಟ್ರು ಅದನ್ನೂ ಮೆಚ್ಚಿಕೊಂಡು ತಲೆದೂಗಿದರು.

ಅದು ಬರೀ ಸೀನು ಎಂದು ಅವನು ಯಾರಿಗೂ ಹೇಳಲಿಲ್ಲ.