ನೋವು ಬಿಟ್ಟುಹೋದ ಬೆಳಿಗ್ಗೆ

ಆ ಬಸ್ ಡ್ರೈವರನನ್ನು ಡಿಪೋದಲ್ಲಿ ಎಲ್ಲರೂ ತೊಟ್ಟಿಲು ಎಂದೇ ಕರೆಯುತ್ತಿದ್ದರು. ಅವನು ಓಡಿಸುವ ಬಸ್ಸಿನಲ್ಲಿ ನಿಂತವರಿಗೂ ತೂಕಡಿಕೆ ಬರುತ್ತಿತ್ತು. ಬ್ರೇಕು ಹಾಕಿದ್ದು ಯಾರಿಗೂ ತಿಳಿಯುತ್ತಿರಲಿಲ್ಲ; ಕಿಟಕಿಯಾಚೆ ತೇಲಿಹೋಗುತ್ತಿದ್ದ ಅಂಗಡಿಗಳು ಮೆಲ್ಲಗೆ ನಿಂತುಬಿಡುತ್ತಿದ್ದವು, ಅಷ್ಟೇ. ರಸ್ತೆಯನ್ನು ಕಣ್ಣಿಗಿಂತ ಕುಂಡೆಯೇ ಚೆನ್ನಾಗಿ ನೋಡುತ್ತದೆ ಎಂದು ಅವನು ಹೊಸಬರಿಗೆ ಹೇಳಿ ನಗಿಸುತ್ತಿದ್ದ.

ವರ್ಷಗಟ್ಟಲೆ ಆ ಸೀಟಿನಲ್ಲಿ ಕೂತು ಅವನ ಸೊಂಟದಲ್ಲೊಂದು ನೋವು ಮನೆ ಮಾಡಿಕೊಂಡಿತ್ತು. ತೊಡೆಯ ಹಿಂಭಾಗದಿಂದಿಳಿದು ಪಾದದ ಅಂಚಿನವರೆಗೂ ಓಡಾಡುತ್ತಿತ್ತು. ಮನೆಯಲ್ಲಿ ಪರದೆ ಹೊಲಿಯುತ್ತಿದ್ದ ಹೆಂಡತಿ ಡಾಕ್ಟರಿಗೆ ತೋರಿಸು ಎಂದು ಹೇಳಿ ಹೇಳಿ ಸೋತಿದ್ದಳು. ಅವನು ಕಿವಿಗೆ ಹಾಕಿಕೊಂಡಿರಲಿಲ್ಲ.

ಒಂದು ಬೆಳಿಗ್ಗೆ ಎದ್ದಾಗ ನೋವು ಇರಲಿಲ್ಲ.

ಅದಿದ್ದ ಜಾಗದಲ್ಲಿ ಹತ್ತಿಯಂಥದ್ದೇನೋ ತುಂಬಿತ್ತು. ಹಾಸಿಗೆಯ ಅಂಚು, ಊಟದ ಮನೆಯ ಕುರ್ಚಿ, ಬಸ್ಸಿನ ಸೀಟು, ಎಲ್ಲಿ ಕೂತರೂ ಮಂಜಿನ ಮೇಲೆ ಕೂತ ಹಾಗಿತ್ತು. ಬಸ್ಸು ರಸ್ತೆಯನ್ನು ಮುಟ್ಟದೆ, ತುಂಬಿದ ಕೆರೆಯ ಮೇಲೆ ಸಾಗುತ್ತಿರುವಂತೆ ಅನ್ನಿಸಿ ಅವನು ಬಹಳ ದಿನಗಳ ಮೇಲೆ ಸಿಳ್ಳೆ ಹಾಕಿದ. ಆದರೆ ಅಂದು ಬ್ರೇಕು ಪದೇ ಪದೇ ಜಗ್ಗಿತು. ನಿದ್ದೆಗೆಟ್ಟ ಅಜ್ಜಿಯೊಬ್ಬರು ಡ್ರೈವರು ಹೊಸಬನೇ ಎಂದು ಕಂಡಕ್ಟರನನ್ನು ಕೇಳಿದರು.

ಹೊಟ್ಟೆ ಮಾತ್ರ ಕಲ್ಲಿನಂತಾಗಿತ್ತು. ಶೌಚಕ್ಕೆ ಹೋಗಬೇಕೆಂದು ಅನ್ನಿಸುತ್ತಲೇ ಇರಲಿಲ್ಲ. ಮೂತ್ರಕ್ಕೆ ನಿಂತರೆ ನಲ್ಲಿ ಬಿಟ್ಟುಕೊಂಡು, ನೀರಿನ ಸದ್ದು ಕೇಳುತ್ತ, ಕನಸು ಕಾಣುವವನಂತೆ ನಿಂತೇ ಇರುತ್ತಿದ್ದ. ಹೆಂಡತಿ ಬಿಸಿನೀರು, ಹಣ್ಣು ಎಂದು ಬಲವಂತ ಮಾಡಿದಳು. ಔಷಧಿ ಅಂಗಡಿಯ ಪುಡಿಯೂ ಆಯಿತು. ಕಂಡಕ್ಟರನಿಗೆ ವಿಷಯ ತಿಳಿದು, ಆ ಬಸ್ಸು ಇನ್ನೂ ಡಿಪೋ ಬಿಟ್ಟಿಲ್ಲವೇ ಎಂದು ದಿನಾ ವಿಚಾರಿಸತೊಡಗಿದ. ಸೊಂಟದ ಸುದ್ದಿ ಯಾರೂ ಎತ್ತಲಿಲ್ಲ. ನೋವೇ ಹೋಗಿತ್ತಲ್ಲ, ಸೊಂಟ ಒಂದೂರು, ಹೊಟ್ಟೆ ಇನ್ನೊಂದೂರು ಎಂದೇ ಅವನೂ ತಿಳಿದಿದ್ದ.

ಒಂದು ಮಧ್ಯಾಹ್ನ ಕೊನೆಯ ನಿಲ್ದಾಣದಲ್ಲಿ ಎದ್ದು ನಿಂತವನಿಗೆ ಸೀಟು ಒದ್ದೆಯಾಗಿರುವುದು ಕಂಡಿತು. ಕಿಟಕಿಯಿಂದ ಮಳೆ ಬಿತ್ತೇನೋ ಎಂದುಕೊಂಡ. ಹೊರಗೆ ಬಿಸಿಲು ಹೊಳೆಯುತ್ತಿತ್ತು. ಪ್ಯಾಂಟು ಮುಟ್ಟಿ ನೋಡಿಕೊಂಡ. ಕೈಗೆ ತಿಳಿದದ್ದು ತೊಡೆಗೆ ತಿಳಿಯಲಿಲ್ಲ.

ಹಿಂದೆ ಬಂದ ಕಂಡಕ್ಟರ್ ಒಮ್ಮೆ ನೋಡಿದ. ತನ್ನ ನೀರಿನ ಬಾಟಲಿ ತೆರೆದು ಸೀಟಿನ ಮೇಲೂ ಗೆಳೆಯನ ಪ್ಯಾಂಟಿನ ಮೇಲೂ ಸುರಿದು, ಇಳಿಯುತ್ತಿದ್ದ ಪ್ರಯಾಣಿಕರಿಗೆ ಕೇಳುವಂತೆ ತನ್ನ ಕೈಯನ್ನೇ ಬೈದುಕೊಂಡ. ಬಸ್ಸು ಖಾಲಿಯಾದ ಮೇಲೆ ದನಿ ತಗ್ಗಿಸಿದ.

“ನಡಿ, ಆಸ್ಪತ್ರೆಗೆ ಹೋಗೋಣ.”

“ಹೊಟ್ಟೆ ಕೆಟ್ಟಿದೆ ಅಷ್ಟೇ ಕಣೋ.”

“ಹೊಟ್ಟೆ ಕೆಟ್ರೆ ಗೊತ್ತಾಗುತ್ತೆ. ನಿಂಗೆ ಗೊತ್ತೇ ಆಗ್ಲಿಲ್ವಲ್ಲ.”

ಆಸ್ಪತ್ರೆಯ ಡಾಕ್ಟರಮ್ಮ ಹೊಟ್ಟೆಯ ಕಥೆಯನ್ನೆಲ್ಲ ಕೇಳಿಸಿಕೊಂಡು, ಸೊಂಟದ ವಿಷಯಕ್ಕೆ ಬಂದರು. ಅಷ್ಟರಲ್ಲಿ ಹೆಂಡತಿಯೂ ಬಂದಿದ್ದಳು, ತೋಳಿನ ಮೇಲೆ ದಾರದ ಚೂರುಗಳು ಅಂಟಿಕೊಂಡೇ ಇದ್ದವು.

“ತೊಳ್ಕೊಳ್ಳೋವಾಗ ಕೈ ಮುಟ್ಟಿದ್ದು ಗೊತ್ತಾಗುತ್ತಾ?” ಎಂದು ಡಾಕ್ಟರಮ್ಮ ಕೇಳಿದರು.

ಅವನು ಚಾವಣಿಯ ಕಡೆ ನೋಡಿದ. “ಇಲ್ಲ.”

“ಯಾವಾಗಿಂದ?”

“ನೋವು ಹೋದಾಗಿಂದ.”

ಅವರು ಹತ್ತಿಯಿಂದಲೂ ಸೂಜಿಯ ಮೊನೆಯಿಂದಲೂ ಮುಟ್ಟಿ ನೋಡಿ, ಸ್ಕ್ಯಾನ್ ಮಾಡಿಸಿ, ಹೆಂಡತಿಗೂ ಅರ್ಥವಾಗುವಂತೆ ವಿವರಿಸಿದರು. ಬೆನ್ನುಮೂಳೆಯ ಕೆಳತುದಿಯಲ್ಲಿ ನರಗಳು ಕುದುರೆಯ ಬಾಲದಂತೆ ಇಳಿಬಿದ್ದಿರುತ್ತವೆ. ಕೆಲವು ಕಾಲಿಗೆ ಹೋದರೆ, ಕೆಲವು ಮೂತ್ರಕೋಶಕ್ಕೆ, ಕರುಳಿನ ಕೊನೆಗೆ, ಗುಪ್ತಾಂಗಕ್ಕೆ. ಮೂಳೆಗಳ ನಡುವಿನ ಮೆತ್ತೆ ಜಾರಿ ಅವನ್ನೆಲ್ಲ ಒತ್ತಿಹಿಡಿದಿತ್ತು. ಮೂತ್ರಕೋಶ ತುಂಬಿದ್ದು ತಿಳಿಯದೆ ತುಳುಕಿತ್ತು.

“ನೋವು ವಾಸಿಯಾಗಿ ಹೋಗಿಲ್ಲ. ಸುದ್ದಿ ತರೋ ನರಾನೇ ಸುಮ್ಮನಾಗಿದೆ. ಇವತ್ತೇ ಆಪರೇಷನ್ ಆಗ್ಬೇಕು.”

ಮತ್ತಿನ ಮದ್ದು ಏರುವಾಗ ಅವನಿಗೆ ಬಸ್ಸು ನೀರಿನ ಮೇಲೆ ಸಾಗುತ್ತಿರುವುದು ಮತ್ತೆ ಕಂಡಿತು. ಈ ಸಲ ಹಿಂದಿನ ಸೀಟುಗಳೆಲ್ಲ ಖಾಲಿ. ದಡ ಎಲ್ಲಿದೆ ಎಂದು ಕೇಳಲು ಯಾರೂ ಇರಲಿಲ್ಲ.

ಎಚ್ಚರವಾದಾಗ ದಡ ಹತ್ತಿರವೇನೂ ಬಂದಿರಲಿಲ್ಲ. ನರಗಳು ಬಿಡುಗಡೆಯಾಗಿದ್ದರೂ ಅವು ಎಷ್ಟು ಚೇತರಿಸಿಕೊಳ್ಳುತ್ತವೆ ಎಂದು ಡಾಕ್ಟರಮ್ಮ ಮಾತು ಕೊಡಲಿಲ್ಲ. ಮೂತ್ರಕ್ಕೆ ನಳಿಕೆ ಹಾಕಿಕೊಳ್ಳುವುದನ್ನು ನರ್ಸು ಕಲಿಸಿದಳು. ವ್ಯಾಯಾಮ ಹೇಳಿಕೊಡುವವನು ಕೆಳಹೊಟ್ಟೆಯ ತಳದ ಸ್ನಾಯುಗಳನ್ನು ಬಿಗಿಹಿಡಿದು ಸಡಿಲಿಸು ಎಂದ. ಎಲ್ಲಿದೆಯೆಂದೇ ತಿಳಿಯದ್ದನ್ನು ಬಿಗಿಹಿಡಿಯುವುದು ಹೇಗೆ ಎಂದು ಇವನು ರೇಗಿದ. ಮನೆಯಲ್ಲಿ ಬೆಳಗಿನ ತಿಂಡಿಯಾದ ಮೇಲೆ ಕಾಲಡಿ ಪುಟ್ಟ ಮಣೆ ಇಟ್ಟುಕೊಂಡು, ತಿಣುಕದೆ, ಶೌಚಕ್ಕೆ ಸುಮ್ಮನೆ ಕೂರಬೇಕಿತ್ತು. ಬಾಗಿಲಾಚೆ ಹೆಂಡತಿ ಬೀದಿಯ ಸುದ್ದಿಯನ್ನೆಲ್ಲ ಹೇಳುತ್ತಿದ್ದಳು. ಒಮ್ಮೆ ಅವನು ಟವೆಲ್ಲಿನಲ್ಲಿ ಮುಖ ಹುದುಗಿಸಿ ಅತ್ತ. ಅವಳಿಗೆ ಕೇಳಿಸಿತು, ಸುದ್ದಿ ಹೇಳುವುದನ್ನು ನಿಲ್ಲಿಸಲಿಲ್ಲ.

ಅವನು ಬಾಯಿಬಿಟ್ಟು ಹೇಳಲಾರದ ಮಾತು ಇನ್ನೊಂದಿತ್ತು. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿ ಗೋಡೆಯ ಕಡೆ ತಿರುಗುತ್ತಿದ್ದ. ಹೆಂಡತಿ ಅದನ್ನೂ ಕೇಳದೆ ಅರಿತು, ಬೆನ್ನ ಮೇಲೆ ಅಂಗೈ ಇಟ್ಟು ಮಲಗುತ್ತಿದ್ದಳು. ಆ ಅಂಗೈ ಮಾತ್ರ ಅವನಿಗೆ ಪೂರ್ತಿ ತಿಳಿಯುತ್ತಿತ್ತು.

ಬಸ್ಸು ಮತ್ತೆ ಅವನ ಕೈಗೆ ಬರಲಿಲ್ಲ. ಪಾದದ ಅಂಚು ಹಾಗೇ ಮರಗಟ್ಟಿ ಉಳಿಯಿತು. ಡಿಪೋದವರು ಹೊಸ ಡ್ರೈವರುಗಳಿಗೆ ಕಲಿಸುವ ಕೆಲಸ ಕೊಟ್ಟರು.

ಆ ಕೆಲಸದಿಂದ ಒಂದು ಸಂಜೆ ಮರಳಿ ಬಂದು ಅವನು ಹೊಲಿಗೆ ಯಂತ್ರದ ಪಕ್ಕದಲ್ಲಿ ಕೂತಿದ್ದ. ಮೂಲೆಮನೆಯ ಅತ್ತೆ ಸೊಸೆ ಪರದೆಯ ಬಣ್ಣಕ್ಕಾಗಿ ಜಗಳವಾಡಿದ್ದನ್ನು ಹೆಂಡತಿ ಹೊಲಿಯುತ್ತಲೇ ಬಣ್ಣಿಸುತ್ತಿದ್ದಳು. ನಡುವೆ ಅವನಿಗೆ ಒಳಗೆಲ್ಲೋ ಏನೋ ಮೆಲ್ಲಗೆ ಕದಲಿದಂತಾಯಿತು, ದೂರದ ಕೋಣೆಯಿಂದ ಯಾರೋ ಅರೆದನಿಯಲ್ಲಿ ಕರೆದ ಹಾಗೆ. ಉಸಿರು ಬಿಗಿಹಿಡಿದು ಕಾದ. ಮತ್ತೆ ಬಂತು. ಎದ್ದು ನಿಂತ.

“ಎಲ್ಲಿಗೆ? ಮಾತಿನ್ನೂ ಮುಗಿದಿಲ್ಲ,” ಎಂದು ಅವಳು ಮುಖ ಗಂಟಿಕ್ಕಿದಳು.

“ಬರ್ತಿದೆ ಕಣೇ.”

ಅವಳು ಯಂತ್ರ ನಿಲ್ಲಿಸಿದಳು. ಬಚ್ಚಲ ಬಾಗಿಲು ಹಾಕಿಕೊಂಡಿತು. ನಲ್ಲಿಯ ಸದ್ದಿಲ್ಲದೆ, ಬೇರೆಯದೇ ಸಣ್ಣ ಸದ್ದೊಂದು ಕೇಳಿಸಿದಾಗ ಅವಳು ಮಡಿಲಲ್ಲಿದ್ದ ಬಟ್ಟೆಯಿಂದಲೇ ಕಣ್ಣೊರೆಸಿಕೊಂಡಳು.

ಅವನು ಬಂದು ಅದೇ ಜಾಗದಲ್ಲಿ ಕೂತು, ಆಮೇಲೇನಾಯಿತು ಎಂದು ಕೇಳಿದ. ಅವಳು ಮೊದಲಿಂದ ಶುರುಮಾಡಿದಳು.